ಬೋಗಿ ಪದೇ ಪದೇ ಹಳಿ ತಪ್ಪುತ್ತಿದೆಯಾ? ಮಾದರಿ ರೈಲಿನ ದೋಷ ಹುಡುಕುವ ಕೈಪಿಡಿ

ಗೂಡ್ಸ್ ಡಬ್ಬಿಗಳು ಎಂಥ ಕೆಟ್ಟ ಹಳಿಯ ಮೇಲೂ ಹೇಗೋ ಓಡಿಬಿಡುತ್ತವೆ. ಪ್ರಯಾಣಿಕ ಬೋಗಿಗಳದ್ದೇ ತಕರಾರು. ಅವು ಉದ್ದ, ಮೇಲ್ಭಾಗ ಭಾರ, ಒಳಗೆ ಲೈಟು, ವೈರು, ಎರಡು ಬೋಗಿ ನಡುವೆ ಓಡಾಡುವ ಮುಚ್ಚಿದ ದಾರಿ, ಅಂದರೆ ವೆಸ್ಟಿಬ್ಯೂಲ್. ನಮ್ಮ ಭಾರತೀಯ ಬೋಗಿಗಳಿಗೆ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ನಿಜವಾದ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿ.ಮೀ. ಎಚ್‌ಒ ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಮಾದರಿ, ಹಾಗಾಗಿ ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬರಬೇಕು. ಆದರೆ ಎಚ್‌ಒ ಹಳಿ ಇರುವುದು 16.5 ಮಿ.ಮೀ. ಅಗಲದ ಬಾಡಿ, ಕಿರಿದಾದ ಹಳಿ. ಓಲಾಡದೆ ಇನ್ನೇನು ಮಾಡೀತು?

ಕೊಡಗಿನಲ್ಲಿ ನಿಜವಾದ ರೈಲು ಹಳಿಯೇ ಇಲ್ಲ, ರೈಲು ಹತ್ತಬೇಕಂದರೆ ಮೈಸೂರಿಗೋ ಕಣ್ಣೂರಿಗೋ ಹೋಗಬೇಕು. ಅದಕ್ಕೇ ಇರಬೇಕು, ಮನೆಯಲ್ಲಿ ಹಲಗೆಯ ಮೇಲೆ ಮಾದರಿ ಹಳಿಯ ಲೇಔಟ್ ಹಾಕಿಕೊಂಡವರು ಅದನ್ನು ಅಷ್ಟೊಂದು ಹಚ್ಚಿಕೊಂಡಿರುತ್ತಾರೆ. ಆದರೆ ಇಲ್ಲಿನ ಹವೆ ಈ ಹವ್ಯಾಸಕ್ಕೆ ಒಗ್ಗುವಂಥದ್ದಲ್ಲ. ಅದಕ್ಕೆ ಕೆಳಗೆ ಬರುತ್ತೇನೆ.

ಅಂಕಿಗಳೆಲ್ಲ ಎಚ್‌ಒ ಅಳತೆಯವು. ಅದಕ್ಕಿಂತ ಚಿಕ್ಕದಾದ ಎನ್ ಅಳತೆ ಇಟ್ಟುಕೊಂಡವರಿಗೂ ಹುಡುಕುವ ಕ್ರಮ ಇದೇ, ಅಂಕಿ ಮಾತ್ರ ಬೇರೆ. ಬೋಗಿ ಅಂದರೆ ಇಲ್ಲಿ ಇಡೀ ಡಬ್ಬಿ, ಅದರ ಅಡಿಯಲ್ಲಿ ತಿರುಗುವ ನಾಲ್ಕು ಚಕ್ರದ ಚೌಕಟ್ಟು ಟ್ರಕ್.

ಮೊದಲು ಇದೊಂದು ತಿಳಿದುಕೊಳ್ಳಿ: ಜಾಗ ಒಂದೇನಾ, ಬೋಗಿ ಒಂದೇನಾ?

ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಮುಂಚೆ ಒಂದು ಚೀಟಿ ತಗೊಳ್ಳಿ. ಬೋಗಿಗಳ ಅಡಿಗೆ ಪೆನ್ಸಿಲಿನಲ್ಲಿ 1, 2, 3 ಅಂತ ನಂಬರ್ ಹಾಕಿ. ರೈಲನ್ನು ನಿಧಾನಕ್ಕೆ ಓಡಿಸಿ. ಬಿದ್ದಾಗಲೆಲ್ಲ ಯಾವ ಬೋಗಿ, ಯಾವ ಜಾಗ, ಮುಂದಿನ ಟ್ರಕ್ಕೋ ಹಿಂದಿನದೋ, ಯಾವ ದಿಕ್ಕಿಗೆ ಹೋಗುತ್ತಿತ್ತು ಅಂತ ಬರೆದುಕೊಳ್ಳಿ. ಬಿದ್ದ ಜಾಗದ ಸ್ಲೀಪರ್ (ಕಂಬಿಯ ಅಡಿಯ ಅಡ್ಡಪಟ್ಟಿ) ಪಕ್ಕ ಕಾಗದದ ಚೂರು ಇಡಿ. ಸ್ವಲ್ಪ ಹೊತ್ತಿಗೇ ಚಿತ್ರ ಗೊತ್ತಾಗುತ್ತದೆ.

ಬೇರೆ ಬೇರೆ ಬೋಗಿ ಒಂದೇ ಜಾಗದಲ್ಲಿ ಬಿದ್ದರೆ ತಪ್ಪು ಹಳಿಯದು. ಒಂದೇ ಬೋಗಿ ಬೇರೆ ಬೇರೆ ಜಾಗದಲ್ಲಿ ಬಿದ್ದರೆ ತಪ್ಪು ಬೋಗಿಯದು. ಒಂದೇ ಬೋಗಿ, ಒಂದೇ ಜಾಗ ಅಂತಾದರೆ ಎರಡರಲ್ಲೂ ಸ್ವಲ್ಪ ಸ್ವಲ್ಪ ತಪ್ಪಿದೆ. ಆ ಬೋಗಿಯನ್ನು ತಿರುಗಿಸಿ, ಹಿಂದುಮುಂದು ಮಾಡಿ ಓಡಿಸಿ. ಈಗ ಇನ್ನೊಂದು ತುದಿಯ ಟ್ರಕ್ ಬಿದ್ದರೆ ಹಳಿಯ ಕಡೆ ಅನುಮಾನ ಜಾಸ್ತಿ. ಮೊದಲಿನ ಅದೇ ಟ್ರಕ್ ಬಿದ್ದರೆ ಆ ಟ್ರಕ್ಕನ್ನೇ ನೋಡಿ.

ಇಷ್ಟು ಮಾಡದೆ ಸುಮ್ನೆ ಚಕ್ರ ಬದಲಾಯಿಸುವುದು, ಭಾರ ತುಂಬುವುದು ಶುರು ಮಾಡಿದರೆ ದುಡ್ಡೂ ಹೋಗುತ್ತದೆ, ಒಂದು ದೋಷದ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ, ನೋಡಿ, ಆಮೇಲೆ ಮುಂದಿನದು.

ಎಚ್ಚರಿಕೆ: ಬಿದ್ದ ಬೋಗಿಯನ್ನು ಎತ್ತುವ ಮುಂಚೆ ಕರೆಂಟ್ ಆಫ್ ಮಾಡಿ. ಹಳಿಯಲ್ಲಿ ಇರುವುದು 12ರಿಂದ 16 ವೋಲ್ಟ್ ಅಷ್ಟೇ, ಕೈಗೆ ಹೊಡೆಯುವುದಿಲ್ಲ. ಆದರೆ ಲೋಹದ ಚಕ್ರ ಎರಡು ಕಂಬಿಗೂ ತಾಗಿ ಶಾರ್ಟ್ ಆದರೆ ಚಕ್ರ ಕಾದು ಪ್ಲಾಸ್ಟಿಕ್ ಟ್ರಕ್ ಕರಗಬಹುದು. ಡಿಸಿಸಿ, ಅಂದರೆ ಡಿಜಿಟಲ್ ಕಂಟ್ರೋಲ್ ಇದ್ದರೆ ಆಂಪಿಯರ್ ಜಾಸ್ತಿ, ಅಪಾಯವೂ ಜಾಸ್ತಿ. ಗೋಡೆಯ ಪ್ಲಗ್‌ನಿಂದ ಅಡಾಪ್ಟರ್‌ವರೆಗಿನ 230 ವೋಲ್ಟ್ ಭಾಗವನ್ನಂತೂ ಬಿಚ್ಚಲೇಬೇಡಿ. ಸಿಡಿಲು ಗುಡುಗಿನ ದಿನ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಎಲ್ಲ ಬೋಗಿಯೂ ಒಂದೇ ಜಾಗದಲ್ಲಿ ಬೀಳುತ್ತವೆ

ಖರ್ಚಿಲ್ಲದ ಕೆಲಸ ಮೊದಲು. ಒಣ ಬಟ್ಟೆಯಲ್ಲಿ ಕಂಬಿ ಒರೆಸಿ. ಒಳಬದಿಯಲ್ಲಿ ಅಂಟಿನ ಹನಿ, ಜಲ್ಲಿಯ ಕಾಳು, ಕೃತಕ ಹುಲ್ಲು ಏನಾದರೂ ಇದೆಯಾ ನೋಡಿ. ಚಕ್ರದ ಒಳಗಡೆ ಇಳಿಬಿದ್ದಿರುವ ಏಣು, ಅಂದರೆ ಫ್ಲ್ಯಾಂಜ್, ಹೆಚ್ಚಿನ ಚಕ್ರಗಳಲ್ಲಿ ಒಂದು ಮಿ.ಮೀ. ಕೂಡ ಇರುವುದಿಲ್ಲ. ಒಂದು ಮರಳಿನ ಕಾಳು ಸಾಕು ಅದನ್ನು ಎತ್ತಿಬಿಡಲು.

ಆಮೇಲೆ ಬೆರಳು. ಕಂಬಿಯ ಮೇಲ್ಮೈ ಮೇಲೂ ಒಳಬದಿಯಲ್ಲೂ ಉಗುರು ಎಳೆಯಿರಿ. ಜೋಡಣೆಯ ಜಾಗದಲ್ಲಿ ಉಗುರು ಟಕ್ ಅಂತ ಸಿಕ್ಕಿಕೊಂಡರೆ ಚಕ್ರವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಹಳ ಸಲ ಕಂಬಿ ಎರಡು ತುದಿಗಳನ್ನು ಜೋಡಿಸುವ ಲೋಹದ ಪಟ್ಟಿಯ, ಅಂದರೆ ಫಿಶ್‌ಪ್ಲೇಟಿನ, ಒಳಗೆ ಹೋಗದೆ ಅದರ ಮೇಲೆ ಹತ್ತಿ ಕೂತಿರುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಫಿಶ್‌ಪ್ಲೇಟ್ ಹೊಸದು ಹಾಕಿ, ಕಂಬಿಯ ತುದಿಯ ಒಳಮೂಲೆಯನ್ನು ಸಣ್ಣ ಅರದಿಂದ ಒಂದೆರಡು ಉಜ್ಜು ಉಜ್ಜಿ. ಜಾಸ್ತಿ ಉಜ್ಜಬೇಡಿ, ಚೂಪು ಹೋದರೆ ಸಾಕು.

ಈಗ ಕೋಣೆಯ ಲೈಟ್ ಆರಿಸಿ, ಕೆನ್ನೆಯನ್ನು ಹಲಗೆಗೆ ತಾಗಿಸಿ, ಟಾರ್ಚನ್ನು ಹಳಿಯ ಮಟ್ಟದಲ್ಲೇ ಹಿಡಿದು ಕಂಬಿಯ ಉದ್ದಕ್ಕೂ ನೋಡಿ. ನೆಟ್ಟಗೆ ನಿಂತು ನೋಡಿದಾಗ ಕಾಣದ ತಗ್ಗು, ಉಬ್ಬು, ಸೊಟ್ಟ ಎಲ್ಲ ಈಗ ಕಾಣುತ್ತದೆ. ಬೋಗಿ ಬಿದ್ದ ಜಾಗಕ್ಕಿಂತ ಸ್ವಲ್ಪ ಹಿಂದೆ ಕಂಬಿಯ ನೆತ್ತಿಯ ಮೇಲೆ ಒಳಗಿನಿಂದ ಹೊರಗೆ ಓರೆಯಾಗಿ ಹೋದ ಕೂದಲೆಳೆಯಷ್ಟು ಗೀರು ಇದೆಯಾ ನೋಡಿ. ಫ್ಲ್ಯಾಂಜ್ ಹತ್ತಿದ ಗುರುತು ಅದು. ದೋಷ ಇರುವುದು ಬೋಗಿ ಮಗುಚಿ ಬಿದ್ದಲ್ಲಿ ಅಲ್ಲ, ಆ ಗೀರು ಶುರುವಾದಲ್ಲಿ. ಎಷ್ಟೋ ಜನ ಬಿದ್ದ ಜಾಗವನ್ನೇ ರಿಪೇರಿ ಮಾಡಿ ಮಾಡಿ ಸುಸ್ತಾಗುವುದು ಇದಕ್ಕೇ.

ಗೀರು ಇದೆ, ಜೋಡಣೆ ಮಾತ್ರ ಸರಿಯಿದೆ ಅಂದರೆ ಹಳಿ ತಿರುಚಿರಬಹುದು. ಎರಡು ಕಂಬಿಗೆ ಅಡ್ಡಲಾಗಿ ಚಿಕ್ಕ ರಸಮಟ್ಟ ಇಟ್ಟು ನಿಧಾನಕ್ಕೆ ಜರುಗಿಸಿ. ಭಾರತೀಯ ರೈಲಿನ ಹಳೆಯ ಐಸಿಎಫ್ ಅಥವಾ ಹೊಸ ಎಲ್‌ಎಚ್‌ಬಿ ವಿನ್ಯಾಸದ ಬೋಗಿಯ ಎರಡು ಟ್ರಕ್‌ಗಳ ನಡುವೆ ಎಚ್‌ಒದಲ್ಲಿ ಸುಮಾರು 17 ಸೆಂ.ಮೀ. ಇರುತ್ತದೆ. ಆ ದೂರದೊಳಗೆ ಒಂದು ಕಂಬಿ ಒಂದು ಮಿ.ಮೀ. ಕೆಳಗಿಳಿದರೂ ಬಿಗಿಯಾದ ಬೋಗಿಯ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ತಗ್ಗಿರುವ ಕಡೆ ಸ್ಲೀಪರಿನ ಅಡಿಗೆ ತೆಳು ರಟ್ಟಿನ ಚೂರು ತಳ್ಳಿ ಎತ್ತಿಸಿ. ಮೊಳೆ ಹೊಡೆದು ಉಬ್ಬನ್ನು ತಗ್ಗಿಸಲು ಹೋಗಬೇಡಿ. ಸ್ಲೀಪರಿನ ನಡುಭಾಗ ಕುಸಿದರೆ ಎರಡು ಕಂಬಿಯೂ ಒಳಗೆ ವಾಲಿ ಹಳಿಯ ಅಗಲವೇ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಹಾಕಿದ ಹಳಿ, ಬೇಸಿಗೆಯಲ್ಲಿ ಸೊಟ್ಟ

ಕೊಡಗಿನವರು ಇದನ್ನು ಬಿಡದೆ ಓದಿ.

ಕಂಬಿ ಬಿಸಿಗೆ ಹಿಗ್ಗಿ ಸೊಟ್ಟ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮನೆಯೊಳಗಿನ ಲೇಔಟಿನಲ್ಲಿ ಅದು ಚಿಕ್ಕ ಕಾರಣ. ಜಾಸ್ತಿ ಆಡುವುದು ಅಡಿಯ ಮರ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಕುಡಿದು ಉಬ್ಬುತ್ತದೆ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಬಾಗಿಲೇ ಹಾಕಲು ಬರುವುದಿಲ್ಲ ಅಲ್ವಾ. ಜನವರಿ ಕಳೆದು ಕಾಫಿ ಅರಳಿಸುವ ಹೂಮಳೆಗೆ ಕಾಯುವ ಹೊತ್ತಿಗೆ ಅದೇ ಮರ ಒಣಗಿ ಕುಗ್ಗಿರುತ್ತದೆ. ಕಂಬಿ ಕುಗ್ಗುವುದಿಲ್ಲ. ಜೋಡಣೆಯ ಸಂದು ಮುಚ್ಚಿಹೋಗಿ, ಇನ್ನು ಜಾಗ ಇಲ್ಲ ಅಂದಾಗ ಕಂಬಿ ಪಕ್ಕಕ್ಕೆ ಸೊಟ್ಟಗಾಗುತ್ತದೆ.

ಗುರುತು ಹೀಗೆ. ಮಳೆಗಾಲದಲ್ಲಿ ಸಂದು ಅಗಲ, ರೈಲು ಟಕ ಟಕ ಅನ್ನುತ್ತದೆ, ಆದರೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಸಂದು ಮಾಯ, ನೇರ ಹಳಿಯಲ್ಲೇ ಬೋಗಿ ಬೀಳುತ್ತದೆ.

ಹಳಿಯನ್ನು ಒಣ ದಿನಗಳಲ್ಲಿ ಹಾಕುವುದೇ ಒಳ್ಳೆಯದು. ಮಳೆಗಾಲದಲ್ಲಿ ಹಾಕಲೇಬೇಕು ಅಂದರೆ ನೇರ ಭಾಗದ ಜೋಡಣೆಗಳಲ್ಲಿ ದಪ್ಪ ವಿಸಿಟಿಂಗ್ ಕಾರ್ಡಿನಷ್ಟು ಸಂದು ಬಿಡಿ, ಅಲ್ಲಿ ಬೆಸುಗೆ ಹಾಕಬೇಡಿ. ಬೆಸುಗೆ ತಿರುವಿನ ಜೋಡಣೆಗಳಿಗೆ ಸಾಕು. ಈಗಾಗಲೇ ಸೊಟ್ಟ ಆಗಿದ್ದರೆ ಕಂಬಿಯನ್ನು ಬಗ್ಗಿಸಿ ನೇರ ಮಾಡಲು ಹೋಗಬೇಡಿ. ಹತ್ತಿರದ ಜೋಡಣೆಯಲ್ಲಿ ಒಂದು ಮಿ.ಮೀ. ಕತ್ತರಿಸಿ ತೆಗೆಯಿರಿ, ಅದಾಗಿಯೇ ನೇರ ಕೂರುತ್ತದೆ. ಕಂಬಿ ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಲಿ, ಚೂರು ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಪ್ಲೈವುಡ್ ಹಲಗೆಯೇ ಬಾಗಿದ್ದರೆ ಅದು ಬಡಗಿಯ ಕೆಲಸ. ಅಡಿಗೆ ಅಡ್ಡಪಟ್ಟಿ ಕೊಡಿಸಿ. ಮುಂದಿನ ಸಲಕ್ಕೆ ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯ ಪ್ಲೈವುಡ್ ತಗೊಂಡು, ಮೇಲೆ, ಕೆಳಗೆ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ ಪೇಂಟ್ ಹೊಡೆಸಿ. ತೇವ ಒಳಗೆ ಹೋಗುವುದು ಅಂಚಿನಿಂದಲೇ. ಒಣಗಲಿ ಅಂತ ಹಲಗೆಯ ಅಡಿಗೆ ಕೆಂಡ, ಹೀಟರ್ ಇಡುವ ಐಡಿಯಾ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಹಲಗೆ ಒಂದೇ ಕಡೆ ಒಣಗಿ ಇನ್ನೂ ಬಾಗುತ್ತದೆ, ಬೆಂಕಿಯ ಭಯ ಬೇರೆ.

ಪಾಯಿಂಟ್ಸ್ ದಾಟುವಾಗ ಬೀಳುತ್ತದೆ

ಪಾಯಿಂಟ್ಸ್ ಅಂದರೆ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ. ಅಲ್ಲಿ ಅತ್ತಿತ್ತ ಸರಿಯುವ ಚೂಪು ಕಂಬಿ, ಅಂದರೆ ಬ್ಲೇಡ್, ಪಕ್ಕದ ಕಂಬಿಗೆ ಪೂರ್ತಿ ಅಂಟುತ್ತಿದೆಯಾ ನೋಡಿ. ನಡುವೆ ಕಾಗದ ತೂರಿದರೆ ಚಕ್ರವೂ ತೂರುತ್ತದೆ. ಹೆಚ್ಚಿನ ಸಲ ಅಲ್ಲಿ ಸಿಕ್ಕಿಕೊಂಡಿರುವುದು ಒಂದು ಜಲ್ಲಿಯ ಕಾಳು.

ಬ್ಲೇಡ್ ಸರಿಯಿದ್ದು, ಎರಡು ಹಳಿಯ ಕಂಬಿಗಳು ಒಂದನ್ನೊಂದು ದಾಟುವ ಕ್ರಾಸಿಂಗ್ ಹತ್ತಿರ ಬೋಗಿ ಹಾರಿದರೆ ಚಕ್ರಗಳ ಒಳಅಂತರ ನೋಡಬೇಕು. ಅದು ಕೆಳಗಿದೆ. ಟಕ್ ಅಂತ ಕೆಳಗಿಂದ ಹೊಡೆದ ಸದ್ದಾಗಿ ಬೋಗಿ ಕುಪ್ಪಳಿಸಿದರೆ ಬೋಗಿಗಳನ್ನು ಜೋಡಿಸುವ ಕೊಕ್ಕೆಯಿಂದ, ಅಂದರೆ ಕಪ್ಲಿಂಗಿನಿಂದ, ಕೆಳಗೆ ಇಳಿಬಿದ್ದ ಕಡ್ಡಿ ಕಂಬಿಗೆ ತಾಗುತ್ತಿದೆ. ಇಕ್ಕಳದಿಂದ ಅದನ್ನು ಒಂಚೂರು ಮೇಲಕ್ಕೆ ಬಗ್ಗಿಸಿ, ಕಂಬಿಯಿಂದ ಒಂದು ಮಿ.ಮೀ. ಎತ್ತರ ಇದ್ದರೆ ಆಯಿತು.

ಒಂದೇ ಬೋಗಿ, ಎಲ್ಲೆಂದರಲ್ಲಿ

ಬೋಗಿಯನ್ನು ಮೆತ್ತನೆ ಬಟ್ಟೆಯ ಮೇಲೆ ಮಗುಚಿ ಮಲಗಿಸಿ.

ಚಕ್ರಗಳನ್ನು ಬೆರಳಿನಿಂದ ತಿರುಗಿಸಿ. ಹಗುರಾಗಿ ಒಂದೆರಡು ಸೆಕೆಂಡ್ ಸುತ್ತಬೇಕು. ಗಕ್ಕನೆ ನಿಂತರೆ ಅಚ್ಚಿನ ತುದಿಯಲ್ಲಿ ಕೂದಲು ಸುತ್ತಿರುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಇದು ಗ್ಯಾರಂಟಿ. ಚಿಮ್ಮಟದಿಂದ ಎಳೆದು ತೆಗೆಯಿರಿ. ಎಣ್ಣೆ ಬಿಡುವುದಾದರೆ ಪ್ಲಾಸ್ಟಿಕ್‌ಗೆ ಆಗಿಬರುವ ಮಾದರಿ ರೈಲಿನ ಎಣ್ಣೆ, ಅದೂ ಸೂಜಿಯ ತುದಿಯಷ್ಟು. ಮನೆಯ ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಮಡಿಕೇರಿಯ ಡಿಸೆಂಬರಿನಲ್ಲಿ ಬಾಟಲಿಯಿಂದ ತಲೆಗೇ ಇಳಿಯದು, ಇನ್ನು ಚಕ್ರ ತಿರುಗಿಸುತ್ತದಾ?

ಚಕ್ರ ಸುತ್ತುವಾಗ ಬೆಳಕಿಗೆ ಹಿಡಿದು ನೋಡಿ. ಅಲ್ಲಾಡಿದರೆ ಆ ಜೋಡಿ ಬದಲಾಯಿಸಿ, ರಿಪೇರಿ ಮಾಡುತ್ತಾ ಕೂರಬೇಡಿ. ಆಮೇಲೆ ಡಿಜಿಟಲ್ ಕ್ಯಾಲಿಪರ್‌ನಿಂದ ಎರಡು ಚಕ್ರಗಳ ಒಳಮೈ ನಡುವಿನ ಅಂತರ ಅಳೆಯಿರಿ. 14.4 ಮಿ.ಮೀ. ಸುತ್ತಮುತ್ತ ಇರಬೇಕು, ಚಕ್ರ ತಿರುಗಿಸಿ ಮೂರು ಕಡೆ ಅಳೆದರೂ ಅಷ್ಟೇ ಬರಬೇಕು. ಕಡಿಮೆ ಇದ್ದರೆ ಪಾಯಿಂಟ್ಸ್‌ನಲ್ಲಿ ಚಕ್ರವನ್ನು ದಾರಿಯಲ್ಲಿ ಹಿಡಿದಿಡುವ ಒಳಕಂಬಿಯ, ಅಂದರೆ ಚೆಕ್ ರೈಲಿನ, ಮೇಲೆ ಹತ್ತುತ್ತದೆ. ಜಾಸ್ತಿ ಇದ್ದರೆ ತಿರುವಿನಲ್ಲಿ ಕಂಬಿ ಹತ್ತುತ್ತದೆ. ಲೋಹದ ಚಕ್ರವಾದರೆ ಅಚ್ಚಿನ ಮೇಲೆ ಮೆಲ್ಲಗೆ ತಿರುಚುತ್ತಾ ಎಳೆದು ಸರಿಮಾಡಬಹುದು. ಅದು ಸಡಿಲವಾಗಿ ಜಾರಿಬಿಟ್ಟರೆ ಮಾತ್ರ ಆ ಜೋಡಿಯನ್ನು ನಂಬಬೇಡಿ.

ಇನ್ನು ಟ್ರಕ್ಕಿನ ಸ್ಕ್ರೂ. ಎರಡನ್ನೂ ಬಿಗಿ ಮಾಡಿದರೆ ಬೋಗಿ ಎಲ್ಲಿ ಬೇಕಾದರೂ ಬೀಳುತ್ತದೆ, ಎರಡನ್ನೂ ಸಡಿಲ ಬಿಟ್ಟರೆ ಹಡಗಿನಂತೆ ಓಲಾಡುತ್ತದೆ. ಒಂದು ತುದಿಯ ಟ್ರಕ್ ಎಡಬಲಕ್ಕೆ ತಿರುಗಬೇಕು, ಪಕ್ಕಕ್ಕೆ ವಾಲಬಾರದು. ಇನ್ನೊಂದು ತುದಿಯದು ತಿರುಗಲೂ ಬೇಕು, ಸ್ವಲ್ಪ ವಾಲಲೂ ಬೇಕು. ಸ್ಕ್ರೂ ಪೂರ್ತಿ ಬಿಗಿದು ಅರ್ಧ ಸುತ್ತು ಬಿಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಗ ಬೋಗಿಯ ಭಾರ ಮೂರು ಬಿಂದುಗಳ ಮೇಲೆ ಕೂತು, ಹಳಿ ಸ್ವಲ್ಪ ತಿರುಚಿದ್ದರೂ ಎಂಟು ಚಕ್ರವೂ ಕಂಬಿ ಬಿಡುವುದಿಲ್ಲ.

ಲೈಟ್ ಹಾಕಿಸಿದ ಮೇಲೆ ಶುರುವಾಯಿತು

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಏಕೆಂದರೆ ಪ್ರಯಾಣಿಕ ಬೋಗಿಯಲ್ಲಿ ಜನ ಕೊನೆಗೆ ನೋಡುವುದು ಇದನ್ನೇ, ಮೊದಲು ನೋಡಬೇಕಾದದ್ದೂ ಇದನ್ನೇ.

ಬೋಗಿಯೊಳಗಿನ ಲೈಟಿಗೆ ಕರೆಂಟ್ ಬರುವುದು ಚಕ್ರದಿಂದ. ಅಚ್ಚಿಗೆ ತೆಳು ಲೋಹದ ಪಟ್ಟಿ ಒತ್ತಿಕೊಂಡಿರುತ್ತದೆ, ಅಲ್ಲಿಂದ ವೈರ್ ನೆಲದ ತೂತಿನ ಮೂಲಕ ಮೇಲೆ ಹೋಗುತ್ತದೆ. ಟ್ರಕ್ಕನ್ನು ಬೆರಳಿನಿಂದ ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ, ಕೈ ಬಿಡಿ. ತಿರುಗಿಸಿದಲ್ಲೇ ನಿಂತರೆ ಸರಿ. ಸ್ಪ್ರಿಂಗ್ ಇದ್ದ ಹಾಗೆ ಮೆಲ್ಲಗೆ ವಾಪಸ್ ಬಂದರೆ ವೈರ್ ಗಡಸಾಗಿದೆ. ತಿರುವಿನಲ್ಲಿ ಟ್ರಕ್ ಒಂದು ಕಡೆ ತಿರುಗಲು ಹೋದರೆ ವೈರ್ ಇನ್ನೊಂದು ಕಡೆಗೆ ನೂಕುತ್ತಾ ಇರುತ್ತದೆ, ಫ್ಲ್ಯಾಂಜ್ ಕಂಬಿಗೆ ಒತ್ತಿ ಒತ್ತಿ ಕೊನೆಗೆ ಮೇಲೆ ಹತ್ತುತ್ತದೆ. ಒಂದೇ ಎಳೆಯ ವೈರ್ ತೆಗೆದು, ಬಹಳ ಸಣ್ಣ ಎಳೆಗಳಿರುವ ಮೆತ್ತನೆ ವೈರ್ ಹಾಕಿ. ತೂತನ್ನು ಟ್ರಕ್ ತಿರುಗುವ ಬಿಂದುವಿನ ಹತ್ತಿರಕ್ಕೇ ತನ್ನಿ, ಒಳಗೆ ಒಂದು ಸುತ್ತು ಸಡಿಲ ಬಿಡಿ.

ಪಟ್ಟಿ ಜಾಸ್ತಿ ಒತ್ತಿದರೂ ಕಷ್ಟವೇ. ಮೀಟರಿಗೆ ಎರಡು ಸೆಂ.ಮೀ. ಇಳಿಜಾರಿನ ಹಳಿ ತುಂಡಿನ ಮೇಲೆ ಬೋಗಿ ಇಡಿ, ತಾನಾಗಿ ಉರುಳಬೇಕು. ಉರುಳದಿದ್ದರೆ ಪಟ್ಟಿಯನ್ನು ಅಚ್ಚಿಗೆ ಸುಮ್ನೆ ತಾಗುವಷ್ಟು ಮಾತ್ರ ಬಗ್ಗಿಸಿ.

ಬೆಸುಗೆ ಹಾಕುವಾಗ ಟ್ರಕ್ ಬಿಚ್ಚಿಟ್ಟುಕೊಳ್ಳಿ, ಕಿಟಕಿ ತೆರೆದಿರಲಿ. ಮಕ್ಕಳಿದ್ದರೆ ಸೋಲ್ಡರಿಂಗ್ ಐರನ್ ಕೈಗೆಟುಕದ ಕಡೆ ತಣಿಯಲಿ.

ಗಾಳಿ ಬೀಸಿದರೂ ಬೀಳುವಂತಿದೆ

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಶಿಫಾರಸಿನಂತೆ ಎಚ್‌ಒ ಬೋಗಿಗೆ ಮೂಲ 28 ಗ್ರಾಂ, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ 14 ಗ್ರಾಂ. ಸುಮಾರು 27 ಸೆಂ.ಮೀ. ಉದ್ದದ ಎಲ್‌ಎಚ್‌ಬಿ ಬೋಗಿಗೆ ಹತ್ತಿರ ಹತ್ತಿರ 180 ಗ್ರಾಂ, 24.5 ಸೆಂ.ಮೀ. ಐಸಿಎಫ್‌ಗೆ 165 ಆಗುತ್ತದೆ. ಅಷ್ಟೇ ಇರಬೇಕೆಂದು ಹಟ ಬೇಡ. ಎಲ್ಲ ಬೋಗಿಯೂ ಹತ್ತಿರ ಹತ್ತಿರ ಒಂದೇ ತೂಕ ಇರುವುದು ಅದಕ್ಕಿಂತ ಮುಖ್ಯ, ಭಾರ ಜಾಸ್ತಿ ತುಂಬಿದರೆ ಎಂಜಿನ್ ಎಳೆಯಲು ಸೋಲುವುದೊಂದೇ ಲಾಭ.

ಭಾರ ನೆಲಕ್ಕೆ ಅಂಟಿಸಿ, ಮೇಲ್ಛಾವಣಿಗಲ್ಲ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಷರ್ ಸಾಕು. ಸೀಸ ಬೇಡ, ಬಳಸಿದರೂ ಉಜ್ಜಬೇಡಿ, ಕೈ ತೊಳೆಯದೆ ತಿಂಡಿಗೆ ಕೈ ಹಾಕಬೇಡಿ. ಫೆವಿಕ್ವಿಕ್ ಥರದ ಅಂಟು ಮುಚ್ಚಿದ ಬೋಗಿಯೊಳಗೆ ಹಾಕಿದರೆ ಅದರ ಹಬೆಗೆ ಕಿಟಕಿಯ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ. ಎರಡು ಬದಿಯ ಟೇಪ್ ಒಳ್ಳೆಯದು.

ತಿರುವಿನಲ್ಲಿ ಮಾತ್ರ

ತಿರುವಿನ ತ್ರಿಜ್ಯ ಅಳೆಯಿರಿ. ಬೋಗಿಯ ಉದ್ದದ ಮೂರು ಪಟ್ಟಾದರೂ ಇದ್ದರೆ ನೆಮ್ಮದಿ, 27 ಸೆಂ.ಮೀ. ಬೋಗಿಗೆ 81 ಸೆಂ.ಮೀ. ರೈಲು ಸೆಟ್‌ನ ಡಬ್ಬದಲ್ಲಿ ಬರುವ ಸಿದ್ಧ ತಿರುವುಗಳು ಹೆಚ್ಚಾಗಿ 36ರಿಂದ 46 ಸೆಂ.ಮೀ. ಇರುತ್ತವೆ. ಅದರಲ್ಲಿ ಉದ್ದ ಬೋಗಿ ಓಡಲೇಬಾರದು ಅಂತೇನಿಲ್ಲ, ಹಳಿಗೆ ಚೂರು ದೋಷ ಇದ್ದರೂ ಅದು ಕ್ಷಮಿಸುವುದಿಲ್ಲ ಅಷ್ಟೇ. ಜಾಗ ಇಲ್ಲವೆಂದರೆ ಮೋಟು ಬೋಗಿ ತಗೊಳ್ಳಿ.

ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗುವ ಕಡೆ ಬಿದ್ದರೆ ನಡುವೆ ಒಂದು ಬೋಗಿಯುದ್ದದ ನೇರ ಹಳಿ ಸೇರಿಸಿ. ಬಿಚ್ಚಿದ ಬೋಗಿ ಒಂದೊಂದೇ ಚೆನ್ನಾಗಿ ಓಡಿ, ಜೋಡಿಸಿದಾಗ ಮಾತ್ರ ಬಿದ್ದರೆ ವೆಸ್ಟಿಬ್ಯೂಲ್‌ಗಳು ಒಂದಕ್ಕೊಂದು ಕಚ್ಚುತ್ತಿವೆ. ಅವನ್ನು ತೆಗೆದು ಓಡಿಸಿ ನೋಡಿ, ಬೀಳುವುದು ನಿಂತರೆ ಕಾರಣ ಸಿಕ್ಕಿತು. ಅದರ ಮುಖಕ್ಕೆ ಮೆತ್ತನೆ ಪೆನ್ಸಿಲ್ ಉಜ್ಜಿ ನುಣುಪು ಮಾಡಿ, ಅಥವಾ ಕಪ್ಲಿಂಗ್ ಸ್ವಲ್ಪ ಉದ್ದದ್ದು ಹಾಕಿ.

ಹಿಂದಕ್ಕೆ ತಳ್ಳುವಾಗ, ಏರಿನಲ್ಲಿ, ಉದ್ದ ಗಾಡಿಯಲ್ಲಿ

ಎಳೆಯುವಾಗ ಸರಿಯಿದ್ದು ತಳ್ಳುವಾಗ ಬಿದ್ದರೆ ಕಪ್ಲಿಂಗ್ ಟ್ರಕ್ಕಿಗೇ ಅಂಟಿರುತ್ತದೆ. ತಳ್ಳಿದ ಬಲ ಟ್ರಕ್ಕನ್ನೇ ಅಡ್ಡ ತಿರುಗಿಸುತ್ತದೆ. ಬೋಗಿಯ ಬಾಡಿಗೆ ಕಪ್ಲಿಂಗ್ ಹಾಕಿಸುವುದು ಸರಿಯಾದ ದಾರಿ, ಆದರೆ ತಿರುವು ತೀರಾ ಬಿಗಿ ಇದ್ದರೆ ಅದೂ ಕೈಕೊಡುತ್ತದೆ. ಆಗ ಹಿಂದಕ್ಕೆ ಮೆಲ್ಲಗೆ, ಕಡಿಮೆ ಬೋಗಿ ಇಟ್ಟು ತಳ್ಳಿ.

ನಮ್ಮ ಕಡೆಯವರ ಲೇಔಟಿನಲ್ಲಿ ಒಂದು ಘಾಟಿ ಇದ್ದೇ ಇರುತ್ತದೆ, ತಪ್ಪೇನಿಲ್ಲ. ಮೀಟರಿಗೆ ಎರಡು, ಹೆಚ್ಚೆಂದರೆ ಮೂರು ಸೆಂ.ಮೀ. ಏರು ಇರಲಿ. ಸಮತಟ್ಟಿನಿಂದ ಏರಿಗೆ ಒಮ್ಮೆಲೇ ಮುರಿದ ಹಾಗೆ ಹತ್ತಿಸಿದರೆ ಕಪ್ಲಿಂಗ್ ಒಂದರ ಮೇಲೊಂದು ಜಾರಿ ಚಕ್ರವನ್ನೇ ಎತ್ತುತ್ತದೆ. ಆ ಜಾಗವನ್ನು ಬೋಗಿಯುದ್ದದಷ್ಟಾದರೂ ನಿಧಾನಕ್ಕೆ ಬಾಗಿಸಿ.

ನಾಲ್ಕು ಬೋಗಿಗೆ ಸರಿ, ಹತ್ತಕ್ಕೆ ಬೀಳುತ್ತದೆ, ಅದೂ ತಿರುವಿನ ಒಳಗಡೆಗೆ ಅಂದರೆ ಎಳೆತ ಜಾಸ್ತಿಯಾಗಿ ಹಗುರ ಬೋಗಿಯನ್ನು ಒಳಕ್ಕೆ ಕೀಳುತ್ತಿದೆ. ಭಾರದವನ್ನು ಎಂಜಿನ್ ಹಿಂದೆ, ಹಗುರದವನ್ನು ಕೊನೆಗೆ ಇಡಿ. ಉರುಳದೆ ಎಳೆಸಿಕೊಳ್ಳುವ ಬೋಗಿ ಯಾವುದು ಅಂತಲೂ ಹುಡುಕಿ.

ಯಾವಾಗ ಕೈಬಿಡಬೇಕು

ಸುಟ್ಟ ವಾಸನೆ ಬಂದರೆ, ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿಯಾದರೆ, ಬೋಗಿ ಬೀಳದಿದ್ದರೂ ಕಂಟ್ರೋಲರ್ ಪದೇ ಪದೇ ಟ್ರಿಪ್ ಆದರೆ ಪ್ಲಗ್ ಕಿತ್ತು ತಿಳಿದವರಿಗೆ ತೋರಿಸಿ. ಅದು ಹಳಿಯ ದೋಷ ಅಲ್ಲ. ಬೋಗಿಯ ತಳವೇ ತಿರುಚಿದ್ದರೆ ಬಿಸಿನೀರಿನಲ್ಲಿ ಅದ್ದಿ ನೇರ ಮಾಡುವ ಪ್ರಯೋಗ ಬೇಡ, ವಾರಂಟಿ ಇದ್ದರೆ ಬಿಚ್ಚುವ ಮುಂಚೆಯೇ ಮಾರಿದವರನ್ನು ಕೇಳಿ. ಕೊರಿಯರಿನಲ್ಲಿ ಕಳಿಸುವಾಗ ಟ್ರಕ್ ಬಿಚ್ಚಿ ಬೇರೆ ಸುತ್ತಿ, ಘಾಟಿ ರಸ್ತೆಯ ಕುಲುಕಾಟಕ್ಕೆ ಅಚ್ಚಿನ ತುದಿಗಳೇ ಮೊದಲು ಹೋಗುವುದು. ಮತ್ತೆ ನಿಮ್ಮ ಆ ಚೀಟಿಯನ್ನೂ ಡಬ್ಬದೊಳಗೆ ಇಡಿ. ಯಾವ ಟ್ರಕ್, ಯಾವ ದಿಕ್ಕು ಅಂತ ಬರೆದಿದ್ದರೆ ರಿಪೇರಿಯವರಿಗೆ ಅರ್ಧ ಕೆಲಸ ಉಳಿಯುತ್ತದೆ.